ಟೀಚರ್ ಮಂಡಿನೋವು: ಓಟ, ಇಳಿಜಾರು ಮತ್ತು ಅಡಿಕೆ ಸುಲಿಯೋ ಭಾನುವಾರ

ರೋಗಿ 42 ವರ್ಷದ ಮಹಿಳೆ. ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಎರಡು ವರ್ಷದಿಂದ ಓಡುತ್ತಿದ್ದಾರೆ. ಹಾಫ್ ಮ್ಯಾರಥಾನ್, ಅಂದರೆ 21.1 ಕಿ.ಮೀ. ಓಡಬೇಕು ಅನ್ನುವ ಆಸೆ. ಗಂಡನ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದವರು. ನವೆಂಬರ್‌ನಿಂದ ಬಲ ಮಂಡಿ ನೋವು. ನನ್ನ ಫಿಸಿಯೋಥೆರಪಿ ಕೋಣೆಗೆ ಬಂದಾಗ ಜನವರಿ ಕೊನೆಯಾಗಿತ್ತು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಟೀಚರ್ ಬರುವಾಗ ದಪ್ಪ ಫೈಲ್ ತಂದಿದ್ದರು. ಎಕ್ಸ್‌ರೇ, ಎಂಆರ್‌ಐ, ರಕ್ತಪರೀಕ್ಷೆ ಎಲ್ಲ ಇತ್ತು. ನೀ ಕ್ಯಾಪ್ ಇತ್ತು. ಕೀಲಿಗೆ ಒಳ್ಳೆಯದು ಅಂತ ಎರಡು ತಿಂಗಳು ನುಂಗಿದ ಗ್ಲುಕೋಸಮಿನ್ ಮಾತ್ರೆಯ ಚೀಟಿಯೂ ಇತ್ತು. ಎಂಆರ್‌ಐ ವರದಿಯ ಎರಡು ಸಾಲಿನ ಕೆಳಗೆ ಅವರೇ ಕೆಂಪು ಗೆರೆ ಎಳೆದಿದ್ದರು, ಉತ್ತರ ಪತ್ರಿಕೆ ತಿದ್ದಿದ ಹಾಗೆ.

“ಮಂಡಿ ಸವೆದಿದೆ ಅಂದ್ರು ಸರ್. ಓಡೋದು ಬಿಡಿ ಅಂದ್ರು. ಬಿಟ್ಟು ಒಂದು ತಿಂಗಳಾಯ್ತು. ನೋವು ಮಾತ್ರ ಹಾಗೇ ಇದೆ.”

ಈ ಕೊನೆಯ ಮಾತು ನನಗೆ ಮುಖ್ಯ ಅನ್ನಿಸಿತು. ಓಟದಿಂದಲೇ ಬಂದ ನೋವಾದರೆ ಒಂದು ತಿಂಗಳು ಓಡದೇ ಇದ್ದಾಗ ಸ್ವಲ್ಪವಾದರೂ ಇಳಿಯಬೇಕಿತ್ತಲ್ವಾ? ಇಳಿದಿಲ್ಲ ಅಂದರೆ ಮಂಡಿಗೆ ಇನ್ನೆಲ್ಲಿಂದಲೋ ಹೊರೆ ಬೀಳುತ್ತಲೇ ಇದೆ. ಅಥವಾ ನಾವು ಅಂದುಕೊಂಡ ಕಾಯಿಲೆಯೇ ಬೇರೆ.

ನೋವು ಎಲ್ಲಿ, ಯಾವಾಗ

ನೋವು ಎಲ್ಲಿದೆ ಅಂತ ಒಂದೇ ಬೆರಳಲ್ಲಿ ತೋರಿಸಿ ಅಂದೆ. ಅವರಿಗೆ ಆಗಲಿಲ್ಲ. ಇಡೀ ಅಂಗೈಯನ್ನು ಮಂಡಿ ಚಿಪ್ಪಿನ ಮೇಲೆ ಮುಚ್ಚಿ, “ಇಲ್ಲೆಲ್ಲ, ಒಳಗೆ” ಅಂದರು. ಮಂಡಿ ಚಿಪ್ಪಿನ ಹಿಂದೆ, ಸುತ್ತ ನೋವಿರುವವರು ಸಾಮಾನ್ಯವಾಗಿ ಹೀಗೇ ತೋರಿಸುತ್ತಾರೆ.

ಯಾವಾಗ ಜಾಸ್ತಿ? ಮೆಟ್ಟಿಲು ಇಳಿಯುವಾಗ. ನೆಲದಿಂದ ಏಳುವಾಗ. ಇನ್ನೊಂದು, ಬಸ್ಸಿನಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಮುಂದಿನ ಸೀಟಿಗೆ ಮಂಡಿ ತಾಗಿಸಿಕೊಂಡು ಕೂತರೆ ಮಂಡಗದ್ದೆ ದಾಟುವ ಹೊತ್ತಿಗೆ ಕಾಲು ಚಾಚಬೇಕು ಅನ್ನಿಸುತ್ತದಂತೆ. ಇಳಿದ ಮೇಲೆ ನಾಲ್ಕು ಹೆಜ್ಜೆ ಕುಂಟಿ ಆಮೇಲೆ ಸರಿಯಾಗುತ್ತದೆ. ಮಂಡಿ ಮಡಚಿ ತುಂಬಾ ಹೊತ್ತು ಕೂತರೆ ನೋಯುವುದು ಈ ತೊಂದರೆಯ ಹಳೆಯ ಗುರುತು. ಪುಸ್ತಕಗಳಲ್ಲಿ ಸಿನಿಮಾ ಥಿಯೇಟರ್ ಉದಾಹರಣೆ ಇರುತ್ತದೆ. ನಮ್ಮ ಕಡೆ ಬಸ್ಸು ಅಂತ ಕೇಳಿದರೆ ಬೇಗ ಉತ್ತರ ಸಿಗುತ್ತದೆ.

ಇಲ್ಲದೇ ಇರುವುದನ್ನೂ ಕೇಳಲೇಬೇಕು. ಬಿದ್ದಿಲ್ಲ, ಕಾಲು ತಿರುಚಿಲ್ಲ. ಮಂಡಿ ಊದಿಲ್ಲ. ಮಡಚಿದ ಕಾಲು ಬಿಚ್ಚಲಾಗದೆ ಸಿಕ್ಕಿಕೊಂಡಿಲ್ಲ. ನಡೆಯುವಾಗ ದಿಢೀರನೆ ಕುಸಿದಿಲ್ಲ. ರಾತ್ರಿ ನೋವಿಗೆ ಎಚ್ಚರವಾಗಿಲ್ಲ. ಮಳೆಗಾಲದಲ್ಲಿ ಜ್ವರ ಬಂದಿತ್ತಾ ಅಂತಲೂ ಕೇಳಿದೆ. ಚಿಕುನ್‌ಗುನ್ಯಾ ಆಗಿ ಹೋದ ಮೇಲೆ ತಿಂಗಳುಗಟ್ಟಲೆ ಕೀಲುನೋವು ಉಳಿಯುವವರನ್ನು ಇಲ್ಲಿ ನೋಡುತ್ತಲೇ ಇರುತ್ತೇವೆ. ಆದರೆ ಅದು ಸಾಮಾನ್ಯವಾಗಿ ಕೈಬೆರಳು, ಮಣಿಕಟ್ಟು, ಕಣಕಾಲು ಹೀಗೆ ಹಲವು ಕೀಲುಗಳಲ್ಲಿ ಬರುತ್ತದೆ. ಟೀಚರ್‌ಗೆ ಜ್ವರ ಬಂದಿರಲಿಲ್ಲ. ಬೇರೆ ಕೀಲೂ ನೋಯುತ್ತಿರಲಿಲ್ಲ.

ಕಟಕಟ ಸದ್ದು ಬರುತ್ತದೆ ಅಂತ ಹೆದರಿದ್ದರು. ಸದ್ದಿನ ಜೊತೆ ಊತ ಇಲ್ಲ ಅಂದರೆ ಅದಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ ಅಂದೆ. ನೋವೇ ಇಲ್ಲದ ಎಷ್ಟೋ ಮಂಡಿಗಳು ಸದ್ದು ಮಾಡುತ್ತವೆ.

ಪರೀಕ್ಷೆ

ಕುಕ್ಕುರುಗಾಲಲ್ಲಿ ಕೂತು ಏಳಿ ಅಂದೆ. ಅರ್ಧಕ್ಕೆ ಇಳಿಯುವಾಗಲೇ ಅದೇ ನೋವು ಬಂತು, ಹತ್ತಕ್ಕೆ ಐದು. ಈ ತೊಂದರೆಯನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಾಸೂ ಖರ್ಚಿಲ್ಲ.

ಆಮೇಲೆ ಸುಮಾರು 20 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಎಡಗಾಲಿನ ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ತಾಗಿಸಲು ಹೇಳಿದೆ. ಬಲ ಮಂಡಿ ಒಳಕ್ಕೆ ವಾಲಿತು. ಸೊಂಟದ ಎಡಭಾಗ ಕೆಳಗೆ ಜಾರಿತು. ಎಡಗಾಲಲ್ಲಿ ನಿಂತಾಗ ಇಷ್ಟು ಆಗಲಿಲ್ಲ. ಮಲಗಿ ಒಂದೇ ಕಾಲಲ್ಲಿ ಸೊಂಟ ಎತ್ತುವುದು ಎಡಗಾಲಲ್ಲಿ 19 ಸಲ ಆಯಿತು, ಬಲಗಾಲಲ್ಲಿ 11ಕ್ಕೇ ನಿಂತಿತು.

ಚಿಪ್ಪಿನ ಅಂಚಿನಲ್ಲಿ ಒತ್ತಿದರೆ ನೋವು. ಕೀಲಿನ ಗೆರೆಯಲ್ಲಿ, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಇರುವ ಜಾಗದಲ್ಲಿ, ಒತ್ತಿದರೆ ಏನೂ ಇಲ್ಲ. ಮೆನಿಸ್ಕಸ್, ಲಿಗಮೆಂಟ್ ಪರೀಕ್ಷೆಗಳಲ್ಲಿ ತೊಂದರೆ ಕಾಣಲಿಲ್ಲ. ಸೊಂಟದ ಕೀಲನ್ನೂ ತಿರುಗಿಸಿ ನೋಡಿದೆ. ಸೊಂಟದ ತೊಂದರೆ ಕೆಲವೊಮ್ಮೆ ಮಂಡಿಯಲ್ಲಿ ನೋವಾಗಿ ಕಾಣುತ್ತದೆ, ಮಕ್ಕಳಲ್ಲಂತೂ ಇದನ್ನು ಮರೆಯಲೇಬಾರದು.

ಘಟ್ಟದ ಕಡೆ ಇಳಿಜಾರಲ್ಲಿ ಓಡುವವರಿಗೆ ಇನ್ನೊಂದು ನೋವೂ ಸಾಮಾನ್ಯ. ಅದು ಮಂಡಿಯ ಹೊರಬದಿಯಲ್ಲಿ, ಕೀಲಿಗಿಂತ ಎರಡು ಮೂರು ಸೆಂ.ಮೀ. ಮೇಲೆ ಇರುತ್ತದೆ. ಬೆರಳಿಟ್ಟು ತೋರಿಸಬಹುದು. ಓಡಲು ಶುರು ಮಾಡಿದಾಗ ಇರುವುದಿಲ್ಲ, ಇಷ್ಟು ಕಿಲೋಮೀಟರ್ ಆದ ಮೇಲೆ ಗಡಿಯಾರ ನೋಡಿಕೊಂಡು ಬಂದ ಹಾಗೆ ಬರುತ್ತದೆ. ತೊಡೆಯ ಹೊರಗಿನ ಗಟ್ಟಿ ಪಟ್ಟಿ, ಐಟಿ ಬ್ಯಾಂಡ್, ಅದಕ್ಕೆ ಕಾರಣ. ಅಲ್ಲಿ ಒತ್ತಿ ಮಂಡಿಯನ್ನು ಮಡಚಿ ಬಿಚ್ಚಿಸಿದೆ. ಟೀಚರ್‌ಗೆ ನೋವಾಗಲಿಲ್ಲ. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಒತ್ತಿದರೂ ನೋವಿಲ್ಲ, ಹಾಗಾಗಿ ಜಿಗಿಯುವ ಆಟಗಾರರಿಗೆ ಬರುವ ನೋವೂ ಅಲ್ಲ.

ಉಳಿದಿದ್ದು ಮಂಡಿ ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ಕೀಲಿನ ನೋವು. ಪಟೆಲ್ಲೋಫೆಮೊರಲ್ ಪೇನ್. ಓಡುವವರಲ್ಲಿ ತುಂಬಾ ಸಾಮಾನ್ಯ ಅಂತ ಇದಕ್ಕೆ ರನ್ನರ್ಸ್ ನೀ ಅನ್ನುವ ಹೆಸರೇ ಬಿದ್ದಿದೆ. ಇದನ್ನು ಕೇಳಿ, ನೋಡಿ, ಮುಟ್ಟಿ ಹೇಳುತ್ತೇವೆ. ಎಂಆರ್‌ಐ ಬೇಕಿಲ್ಲ.

ಕೆಂಪು ಗೆರೆಯ ಎರಡು ಸಾಲು

ಆದರೆ ಎಂಆರ್‌ಐ ಆಗಿಹೋಗಿತ್ತು. ರೋಗಿ ಅದನ್ನು ಓದಿಯೂ ಆಗಿತ್ತು. ಅದರ ಬಗ್ಗೆ ಮಾತಾಡದೆ ಮುಂದೆ ಹೋಗುವ ಹಾಗಿರಲಿಲ್ಲ.

ಮೊದಲ ಸಾಲು: ಮೆನಿಸ್ಕಸ್‌ನ ಹಿಂಭಾಗದಲ್ಲಿ ಗ್ರೇಡ್ 2 ಸಿಗ್ನಲ್. ಗ್ರೇಡ್ 2 ಅಂದರೆ ಒಳಗೆ ಬಣ್ಣ ಬದಲಾಗಿದೆ, ಮೇಲ್ಮೈವರೆಗೆ ಬಂದಿಲ್ಲ. ಹರಿದಿದೆ ಅಂತ ಅರ್ಥ ಅಲ್ಲ. ಎರಡನೇ ಸಾಲು: ಚಿಪ್ಪಿನ ಹಿಂದಿನ ಮೃದ್ವಸ್ಥಿ, ಅಂದರೆ ಮೂಳೆಯ ಮೇಲಿನ ನುಣುಪಾದ ಹೊದಿಕೆ (ಕಾರ್ಟಿಲೆಜ್), ಸ್ವಲ್ಪ ಮೆತ್ತಗಾಗಿದೆ. “ಸವೆದಿದೆ” ಅನ್ನುವ ಮಾತು ಹುಟ್ಟಿದ್ದು ಇಲ್ಲಿ.

ನೋವೇ ಇಲ್ಲದವರ ಮಂಡಿಗಳ ಎಂಆರ್‌ಐ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದ್ದಾರೆ. 40 ದಾಟಿದವರಲ್ಲಿ 43% ಜನರಿಗೆ ಮೃದ್ವಸ್ಥಿಯಲ್ಲಿ ಏನಾದರೂ ದೋಷ ಕಂಡಿತು. 19% ಜನರಿಗೆ ಮೆನಿಸ್ಕಸ್ ಹರಿದೇ ಇತ್ತು. ನೋವಿಲ್ಲ, ಗೊತ್ತೂ ಇಲ್ಲ. ಗಣಿತದ ಟೀಚರ್ ಅಲ್ವಾ, ಈ ಅಂಕಿ ತಕ್ಷಣ ತಲೆಗೆ ಹೋಯಿತು. “ಹಾಗಾದ್ರೆ ನಮ್ಮ ಸ್ಟಾಫ್‌ರೂಮಲ್ಲಿ ಅರ್ಧ ಜನಕ್ಕೆ ಇದೇ ರಿಪೋರ್ಟ್ ಬರುತ್ತೆ” ಅಂದರು.

ಹಾಗಾದರೆ ನೋಯುತ್ತಿರುವುದು ಏನು? ಇದಕ್ಕೆ ಒಂದು ವಿಚಿತ್ರ ಪ್ರಯೋಗದ ಕಥೆ ಇದೆ. ಸ್ಕಾಟ್ ಡೈ ಅನ್ನುವ ಅಮೆರಿಕದ ಮೂಳೆ ಸರ್ಜನ್ ತನ್ನದೇ ಮಂಡಿಗಳೊಳಗೆ, ಕೀಲಿನ ಒಳಕ್ಕೆ ಅರಿವಳಿಕೆ ಕೊಡಿಸದೆ, ಆರ್ತ್ರೋಸ್ಕೋಪ್, ಅಂದರೆ ಕೀಲಿನೊಳಗೆ ನೋಡುವ ಕ್ಯಾಮೆರಾ ಕೊಳವೆ, ಹಾಕಿಸಿಕೊಂಡರು. ಒಂದೊಂದೇ ಭಾಗ ಚುಚ್ಚಿಸಿಕೊಂಡು ಎಲ್ಲಿ ಎಷ್ಟು ನೋವು ಅಂತ ಹೇಳಿದರು. 1998ರಲ್ಲಿ ಅದು ಪ್ರಕಟವಾಯಿತು. ಚಿಪ್ಪಿನ ಹಿಂದಿನ ಮೃದ್ವಸ್ಥಿ ಚುಚ್ಚಿದರೆ ನೋವೇ ಇಲ್ಲ. ಚಿಪ್ಪಿನ ಕೆಳಗಿನ ಕೊಬ್ಬಿನ ಮೆತ್ತೆ ಮತ್ತು ಕೀಲಿನ ಒಳಪೊರೆ ಮುಟ್ಟಿದರೆ ತಡೆಯಲಾರದ ನೋವು. ಮೃದ್ವಸ್ಥಿಗೆ ನರಗಳೇ ಇಲ್ಲ. ಹೊರೆ ಜಾಸ್ತಿಯಾಗಿ ಕೆರಳುವುದು ಅದರ ಸುತ್ತಲಿನ ಮೆದು ಭಾಗ, ಅದರ ಕೆಳಗಿನ ಮೂಳೆ. ಕೆರಳಿದ್ದು ಆರುತ್ತದೆ. ಆದರೆ ಆರುವುದಕ್ಕೆ ಬಿಡಬೇಕು.

ಟೀಚರ್ ಅತ್ತೆಯವರಿಗೂ ಒಂದು ಉತ್ತರ ಬೇಕಿತ್ತು. “ಓಡಿ ಓಡಿ ಮಂಡಿ ಸವೆಸಿಕೊಂಡ್ಲು” ಅಂತ ಅವರ ದೂರು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಅಥವಾ ಮಂಡಿಯ ಸವೆತ 3.5%, ಓಡದೆ ಕೂತಿರುವವರಲ್ಲಿ 10.2%, ಸ್ಪರ್ಧೆಗಾಗಿ ಓಡುವವರಲ್ಲಿ 13.3% ಇತ್ತು. ಇದನ್ನೇ ಹಿಡಿದುಕೊಂಡು ಓಟ ಮಂಡಿಗೆ ಔಷಧಿ ಅನ್ನುವುದೂ ತಪ್ಪು. ಮಂಡಿ ಗಟ್ಟಿ ಇರುವವರೇ ಓಟ ಮುಂದುವರಿಸುತ್ತಾರೆ ಅಂತಲೂ ಇರಬಹುದು. ಹಿತಮಿತವಾಗಿ ಓಡಿದರೆ ಮಂಡಿ ಹಾಳಾಗುತ್ತದೆ ಅನ್ನುವುದಕ್ಕೆ ಮಾತ್ರ ಇಲ್ಲಿ ಆಧಾರ ಸಿಗುವುದಿಲ್ಲ.

ಭಾನುವಾರದ ಲೆಕ್ಕ

ಟೀಚರ್ ತಮ್ಮ ಓಟವನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದರು. ವಾಚಿನಿಂದ ಇಳಿಸಿದ ಅಂಕಿ, ಬಣ್ಣ ಬಣ್ಣದ ಗ್ರಾಫ್. ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೆ 10-12 ಕಿ.ಮೀ. ಮಲೆನಾಡಿನ ಮಳೆಯಲ್ಲಿ ಅಷ್ಟು ಓಡಿದ್ದೇ ದೊಡ್ಡದು. ಸೆಪ್ಟೆಂಬರ್‌ನಲ್ಲಿ 18. ಅಕ್ಟೋಬರ್ ಕೊನೆಯ ವಾರ 34. ಎರಡು ತಿಂಗಳಲ್ಲಿ ಮೂರು ಪಟ್ಟು. ಮಳೆ ನಿಂತ ಖುಷಿಗೆ ಇಲ್ಲಿ ಓಡುವ ಬಹಳ ಜನ ಹೀಗೇ ಮಾಡುತ್ತಾರೆ. ದಸರಾ ರಜೆ, ಬೆಳಗಿನ ತಂಪು, ಒಣಗಿದ ರಸ್ತೆ. ಕಾಲು ನಿಲ್ಲುವುದಿಲ್ಲ.

ಅದರಲ್ಲೂ ಭಾನುವಾರದ ಓಟ ಕುಂದಾದ್ರಿಗೆ. ಬೆಟ್ಟದ ತುದಿಯ ಬಸದಿಯ ಹತ್ತಿರದವರೆಗೂ ಟಾರು ರಸ್ತೆ ಇದೆ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮಂಡಿಯ ಕೆಲಸ. ಇಳಿಜಾರಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಬ್ರೇಕ್ ಹಿಡಿಯಬೇಕು. ಆ ಎಳೆತವೆಲ್ಲ ಚಿಪ್ಪನ್ನು ತೊಡೆಮೂಳೆಗೆ ಒತ್ತುತ್ತದೆ. ಸಮತಟ್ಟು ನೆಲದಲ್ಲಿ ನಡೆಯುವಾಗ ಈ ಒತ್ತಡ ದೇಹದ ತೂಕಕ್ಕಿಂತ ತುಸು ಕಡಿಮೆ. ಮೆಟ್ಟಿಲಲ್ಲಿ ಸುಮಾರು ಮೂರು ಪಟ್ಟು. ಓಡುವಾಗ ಸುಮಾರು ಐದು ಪಟ್ಟು.

ಇಷ್ಟಕ್ಕೇ ನೋವು ಶುರುವಾಗಿದ್ದು ಯಾಕೆ ಅಂತ ಗೊತ್ತಾಯಿತು. ಓಟ ಬಿಟ್ಟರೂ ಯಾಕೆ ಹೋಗಲಿಲ್ಲ ಅನ್ನುವುದು ಗೊತ್ತಾಗಲಿಲ್ಲ. ಡಿಸೆಂಬರ್ ಕೊನೆಯಿಂದ ಎಕ್ಸೆಲ್ ಶೀಟ್ ಪೂರ್ತಿ ಖಾಲಿ.

“ಈಗ ಭಾನುವಾರ ಊರಿಗೆ ಹೋದಾಗ ಏನ್ ಮಾಡ್ತೀರಿ?”

“ಏನೂ ಇಲ್ಲ ಸರ್. ರೆಸ್ಟೇ. ಸುಮ್ನೆ ಕೂತ್ಕೊಂಡು ಅಡಿಕೆ ಸುಲೀತೀನಿ.”

ಎಷ್ಟು ಹೊತ್ತು ಅಂತ ಕೇಳಿದೆ. ಶನಿವಾರ ರಾತ್ರಿ ಊಟ ಆದ ಮೇಲೆ ಹನ್ನೊಂದರವರೆಗೆ. ಭಾನುವಾರ ತಿಂಡಿ ಆದ ಮೇಲೆ ಮಧ್ಯಾಹ್ನದವರೆಗೆ. ಕೊಯ್ಲಿನ ಕಾಲ. ಕೆಂಪಡಿಕೆ ಮಾಡುವವರು ಹಸಿ ಅಡಿಕೆಯನ್ನು ಕೊಯ್ದು ಇಟ್ಟುಕೊಂಡು ಕೂರುವ ಹಾಗಿಲ್ಲ, ಬೇಗ ಸುಲಿದು ಬೇಯಿಸಬೇಕು. ಸುಲಿಯುವ ಮಷಿನ್ ಬಂದಿದೆ ನಿಜ. ಇವರ ಮನೆಯಲ್ಲಿ ಇನ್ನೂ ಮೆಟ್ಟುಕತ್ತಿಯೇ, ಅಂದರೆ ಮಣೆಗೆ ಕೂರಿಸಿದ ಕತ್ತಿ. ಹೇಗೆ ಕೂರುತ್ತೀರಿ ತೋರಿಸಿ ಅಂದೆ. ನೆಲದ ಮೇಲೆ ಕೂತು ತೋರಿಸಿದರು. ಎಡಗಾಲು ಮುಂದೆ ಚಾಚಿ, ಬಲಗಾಲು ಪೂರ್ತಿ ಮಡಚಿ ಮಣೆಯನ್ನು ಒತ್ತಿ ಹಿಡಿದ ಹಾಗೆ. ನೋವಿರುವುದು ಬಲ ಮಂಡಿಯಲ್ಲೇ. ಸುಲಿದ ಅಡಿಕೆಯ ಬುಟ್ಟಿ ತುಂಬಿದಾಗಲೆಲ್ಲ ಎದ್ದು ಸುರಿದು ಬಂದು ಮತ್ತೆ ಕೂರಬೇಕು.

ಶಾಲೆಯದನ್ನೂ ಕೇಳಿದೆ. ಸ್ಟಾಫ್‌ರೂಮ್ ನೆಲಮಹಡಿಯಲ್ಲಿ, ಹತ್ತನೇ ತರಗತಿ ಎರಡನೇ ಮಹಡಿಯಲ್ಲಿ. ದಿನಕ್ಕೆ ಐದಾರು ಸಲ ಹತ್ತಿ ಇಳಿಯುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದ್ದರಿಂದ ಸಂಜೆ ಸ್ಪೆಷಲ್ ಕ್ಲಾಸೂ ಇತ್ತು.

ಅದೇ ಎಕ್ಸೆಲ್ ಶೀಟಿಗೆ ಮೂರು ಹೊಸ ಕಾಲಂ ಸೇರಿಸಿದೆವು: ಮೆಟ್ಟಿಲು, ನೆಲದ ಮೇಲೆ ಕೂತ ಹೊತ್ತು, ಇಳಿಜಾರು. ಮಂಡಿಗೆ ಓಟ ಬೇರೆ, ತೋಟದ ಕೆಲಸ ಬೇರೆ ಅನ್ನುವ ಭೇದ ಇಲ್ಲ. ವಾಚು ಓಟ ಮಾತ್ರ ಎಣಿಸುತ್ತದೆ. ಹೊರಗಿನ ಪುಸ್ತಕಗಳಲ್ಲಿ ಓಟಗಾರರ ಹೊರೆ ಅಂದರೆ ಕಿಲೋಮೀಟರ್ ಲೆಕ್ಕ. ಮಲೆನಾಡಿನ ಮನೆಗಳಲ್ಲಿ ಆ ಲೆಕ್ಕ ಅರ್ಧಕ್ಕೇ ನಿಂತುಬಿಡುತ್ತದೆ. ಇಲ್ಲಿ ಮಂಡಿನೋವಿನವರು ಯಾರೇ ಬರಲಿ, ತೋಟ ಇದೆಯಾ, ಈಗ ಯಾವ ಕೆಲಸ ನಡೀತಿದೆ ಅಂತ ಕೇಳದೆ ನಾನು ಮುಂದೆ ಹೋಗುವುದಿಲ್ಲ.

ಚಿಕಿತ್ಸೆ

ಶುರುವಿನಲ್ಲಿ ಕುಜಾಲ ಅಂಕ ಬರೆಸಿಕೊಂಡೆ. ಇದು 1993ರಿಂದ ಬಳಕೆಯಲ್ಲಿರುವ, ಮಂಡಿ ಚಿಪ್ಪಿನ ನೋವಿಗೇ ಮಾಡಿದ ಪ್ರಶ್ನಾವಳಿ. ನೂರಕ್ಕೆ ನೂರು ಬಂದರೆ ತೊಂದರೆ ಇಲ್ಲ. ಟೀಚರ್‌ಗೆ 66 ಬಂತು. “ಸೆಕೆಂಡ್ ಕ್ಲಾಸೂ ಅಲ್ಲ, ಫಸ್ಟ್ ಕ್ಲಾಸಲ್ಲಿ ಕೆಳಗಿಂದ” ಅಂತ ನಕ್ಕರು.

“ಕರೆಂಟ್ ಇಡ್ತಾರಲ್ಲ, ಅದು ಬೇಡ್ವಾ?” ಇದು ಎಲ್ಲರೂ ಕೇಳುವ ಪ್ರಶ್ನೆ. ಈ ನೋವಿಗೆ ಅಲ್ಟ್ರಾಸೌಂಡ್‌ನಂಥ ಯಂತ್ರಗಳನ್ನು ಬಳಸಬೇಡಿ ಅಂತ 2018ರ ಅಂತರರಾಷ್ಟ್ರೀಯ ತಜ್ಞರ ಒಪ್ಪಂದದಲ್ಲೇ ಇದೆ. ಸೊಂಟ ಮತ್ತು ಮಂಡಿ ಎರಡರ ವ್ಯಾಯಾಮ ಮಾಡಿಸಿ ಅನ್ನುವುದು ಅದರ ಮುಖ್ಯ ಸಲಹೆ. ಯಂತ್ರ ಇಟ್ಟರೆ ರೋಗಿಗೆ ಏನೋ ಆಯಿತು ಅನ್ನಿಸುತ್ತದೆ. ಆ ಹದಿನೈದು ನಿಮಿಷದಲ್ಲಿ ಮೆಟ್ಟಿಲು ಇಳಿಯುವುದು ಹೇಗೆ ಅಂತ ಹೇಳಿಕೊಡಬಹುದು. ಗ್ಲುಕೋಸಮಿನ್ ನಿಲ್ಲಿಸಿದರೂ ನಷ್ಟ ಇಲ್ಲ ಅಂದೆ.

ಮೊದಲು ಅಡಿಕೆ. ಕೆಲಸ ಬಿಡಿ ಅಂದರೆ ಆಗುವ ಮಾತಲ್ಲ, ಕೊಯ್ಲಿನಲ್ಲಿ ಮನೆ ಸೊಸೆ ಸುಮ್ಮನೆ ಕೂತರೆ ಯಾರು ಕೇಳುತ್ತಾರೆ? ನಾದಿನಿಯ ಜೊತೆ ಕೆಲಸ ಬದಲಾಯಿಸಿಕೊಂಡರು. ನಾದಿನಿ ಸುಲಿಯುವುದು, ಇವರು ಬೇಯಿಸಿದ್ದನ್ನು ಹರವಿ ಒಣಗಿಸುವುದು. ತೀರಾ ಕೂರಬೇಕಾದರೆ ಬಲಗಾಲು ಚಾಚಿಕೊಂಡು ಕಾಲು ಗಂಟೆ, ಆಮೇಲೆ ಎದ್ದು ಓಡಾಡುವುದು. ಶಾಲೆಯಲ್ಲಿ ಪುಸ್ತಕದ ಚೀಲವನ್ನು ಬೆಳಿಗ್ಗೆಯೇ ಮೇಲೆ ಇಟ್ಟು, ಎರಡು ಪೀರಿಯಡ್ ನಡುವೆ ಅಲ್ಲೇ ಉಳಿದರು. ಮೆಟ್ಟಿಲು ಅರ್ಧಕ್ಕೆ ಇಳಿಯಿತು.

ಓಟವನ್ನು ಮೊದಲ ವಾರವೇ ಮತ್ತೆ ಶುರು ಮಾಡಿಸಿದೆ. ಟೀಚರ್ ನಂಬಲಿಲ್ಲ. ನಿಯಮ ಇಷ್ಟೇ: ಓಡುವಾಗ ನೋವು ಹತ್ತಕ್ಕೆ ಎರಡು ದಾಟಬಾರದು. ಓಡಿ ಮುಗಿಸಿದ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಎರಡೂ ಸರಿ ಇದ್ದರೆ ಮುಂದಿನ ಸಲ ಸ್ವಲ್ಪ ಸೇರಿಸಬಹುದು. ಇಲ್ಲದಿದ್ದರೆ ಒಂದು ಹೆಜ್ಜೆ ಹಿಂದೆ. ದಿನ ಬಿಟ್ಟು ದಿನ, ಸ್ಟೇಡಿಯಂನ ಸಮತಟ್ಟು ನೆಲದಲ್ಲಿ, ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು 2 ಕಿ.ಮೀ. ವಾರಕ್ಕೆ ಒಂದೇ ಸಲ ಉದ್ದಕ್ಕೆ ಓಡುವುದಕ್ಕಿಂತ ಸಣ್ಣ ಸಣ್ಣದಾಗಿ ಹೆಚ್ಚು ಸಲ ಓಡುವುದು ಕೆರಳಿದ ಮಂಡಿಗೆ ಹಗುರ. ಇಳಿಜಾರು ಪೂರ್ತಿ ಬಂದ್.

ಕಾಡಿನ ಮಣ್ಣಿನ ದಾರಿಯಲ್ಲಿ ಓಡಿದರೆ ಮಂಡಿಗೆ ಮೆತ್ತಗಲ್ವಾ ಅಂತ ಕೇಳಿದರು. ಏರುತಗ್ಗು, ಬೇರು, ಕಲ್ಲು ಇರುವ ದಾರಿ ಈಗ ಬೇಡ ಅಂದೆ. ಅದೂ ಅಲ್ಲದೆ ಬೇಸಿಗೆ ಶುರುವಾಗುವ ಈ ತಿಂಗಳುಗಳು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಮೊದಲು ಗುರುತಾಗಿದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ತರಗೆಲೆ ತುಳಿದುಕೊಂಡು ಓಡಿ ಆ ಕಾಯಿಲೆ ಹರಡುವ ಉಣುಗು ಹತ್ತಿಸಿಕೊಳ್ಳುವುದು ಯಾಕೆ?

ಓಡುವುದನ್ನು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದೆ. ಕಾಲನ್ನು ದೇಹಕ್ಕಿಂತ ತುಂಬಾ ಮುಂದೆ ಚಾಚಿ ಇಡುತ್ತಿದ್ದರು. ನಿಮಿಷಕ್ಕೆ 158 ಹೆಜ್ಜೆ. ಅದೇ ವೇಗದಲ್ಲಿ ಹೆಜ್ಜೆಯ ಸಂಖ್ಯೆಯನ್ನು 5ರಿಂದ 10% ಜಾಸ್ತಿ ಮಾಡಿದರೆ ಮಂಡಿ ಹೀರಿಕೊಳ್ಳುವ ಹೊಡೆತ ಕಡಿಮೆಯಾಗುತ್ತದೆ ಅಂತ 2011ರ ಒಂದು ಪ್ರಯೋಗಾಲಯ ಅಧ್ಯಯನ ತೋರಿಸಿದೆ. 166ಕ್ಕೆ ಮೆಟ್ರೊನೋಮ್ ಆ್ಯಪ್, ಅಂದರೆ ತಾಳ ಹಾಕುವ ಆ್ಯಪ್, ಹಾಕಿಕೊಟ್ಟೆ. ನಿಮಿಷಕ್ಕೆ 180 ಹೆಜ್ಜೆ ಅನ್ನುವ ಮಂತ್ರ ಎಲ್ಲ ಕಡೆ ಕೇಳುತ್ತದೆ, ಅದನ್ನು ಎಲ್ಲರ ಕಾಲಿಗೂ ಕಟ್ಟುವುದು ಬೇಕಿಲ್ಲ. ಮೊದಲ ದಿನ “ಕೋಳಿ ಓಡಿದ ಹಾಗೆ ಆಗುತ್ತೆ ಸರ್” ಅಂದರು. ಎರಡು ವಾರದಲ್ಲಿ ಆ್ಯಪ್ ಬೇಡವಾಯಿತು.

ಮೊದಲ ಎರಡು ವಾರ ಚಿಪ್ಪಿಗೆ ಟೇಪ್ ಹಾಕಿದೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕಾನೆಲ್ 1986ರಲ್ಲಿ ಬರೆದ ವಿಧಾನ ಇದು. ಟೇಪ್ ಹಾಕಿಕೊಂಡು ಕುಕ್ಕುರುಗಾಲಲ್ಲಿ ಕೂತಾಗ ನೋವು ಐದರಿಂದ ಮೂರಕ್ಕೆ ಇಳಿಯಿತು. ವ್ಯಾಯಾಮ ಶುರು ಮಾಡಲು ಅಷ್ಟು ಸಾಕು. ಟೇಪಿಗೆ ಅದಕ್ಕಿಂತ ದೊಡ್ಡ ಕೆಲಸ ಇಲ್ಲ.

ಇನ್ನು ಬಲ. ಮಂಡಿ ಕೆರಳಿದ್ದರಿಂದ ಮೊದಲು ಸೊಂಟದ ಸ್ನಾಯುಗಳಿಗೆ ಕೆಲಸ ಕೊಟ್ಟೆ: ಪಕ್ಕಕ್ಕೆ ಮಲಗಿ ಕಾಲು ಎತ್ತುವುದು, ಸೊಂಟ ಎತ್ತುವುದು, ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಅಡ್ಡ ನಡೆಯುವುದು. ಮೂರನೇ ವಾರದಿಂದ ಮಂಡಿ: ಕುರ್ಚಿಯಿಂದ ನಿಧಾನಕ್ಕೆ ಕೂತು ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು. ವಾರಕ್ಕೆ ಮೂರು ದಿನ, ಹತ್ತು ಹನ್ನೆರಡು ಸಲದ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಸುಲಭ ಆದಾಗ ಭಾರ ಸೇರಿಸಬೇಕು. ಜಿಮ್ಮಿಗೆ ಹೋಗಲು ಹೊತ್ತಿಲ್ಲ ಅಂದರು. ಮಗನ ಹಳೇ ಸ್ಕೂಲ್ ಬ್ಯಾಗಿಗೆ 5 ಕೆ.ಜಿ. ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ ಅಂದೆ. ಆರನೇ ವಾರದ ಹೊತ್ತಿಗೆ ಅದು 10 ಕೆ.ಜಿ. ಆಗಿತ್ತು. ಅಕ್ಕಿ ಡಬ್ಬ ಖಾಲಿ ಯಾಕೆ ಅಂತ ಮನೆಯಲ್ಲಿ ಒಂದು ಸಣ್ಣ ಗಲಾಟೆಯೂ ಆಯಿತಂತೆ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಈ ನೋವಿದ್ದ 69 ಓಟಗಾರರನ್ನು ಮೂರು ಗುಂಪು ಮಾಡಿದ ಅಧ್ಯಯನವೊಂದು 2018ರಲ್ಲಿ ಬಂತು. ಒಂದು ಗುಂಪಿಗೆ ಹೊರೆ ಹೇಗೆ ಹೊಂದಿಸಬೇಕು ಅನ್ನುವ ತಿಳಿವಳಿಕೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ವ್ಯಾಯಾಮ. ಮತ್ತೊಂದಕ್ಕೆ ತಿಳಿವಳಿಕೆಯ ಜೊತೆ ಓಟದ ಶೈಲಿ ತಿದ್ದುವುದು. ಎಂಟು ವಾರದ ನಂತರ ಮೂರೂ ಗುಂಪು ಸುಮಾರಾಗಿ ಒಂದೇ ಥರ ಸುಧಾರಿಸಿತ್ತು. ನಾನು ಮೇಲೆ ಹೇಳಿದ ನೋವಿನ ನಿಯಮವೂ ಅಲ್ಲಿ ಬಳಸಿದ್ದೇ. ಅಂದರೆ ಕೆಲಸದ ದೊಡ್ಡ ಪಾಲು ಹೊರೆ ಹೊಂದಿಸುವುದರಲ್ಲೇ ಆಗುತ್ತದೆ. ಆದರೂ ಟೀಚರ್‌ಗೆ ವ್ಯಾಯಾಮ ಕೊಟ್ಟೆ. ಸೊಂಟ ಎತ್ತುವುದರಲ್ಲಿ ಬಲಗಾಲಿನ 11ಕ್ಕೂ ಎಡಗಾಲಿನ 19ಕ್ಕೂ ಇದ್ದ ಅಂತರ ಒಂದು ಕಾರಣ. ಬೆಟ್ಟ ಇಳಿಯಲೇಬೇಕಾದ ಊರು ಇನ್ನೊಂದು ಕಾರಣ. ಸರಾಸರಿ ಓಟಗಾರ ಕುಂದಾದ್ರಿ ಇಳಿಯುವುದಿಲ್ಲ.

ಮದುವೆ ಮನೆ

ನಾಲ್ಕನೇ ವಾರಕ್ಕೆ ಬಸ್ಸಿನ ನೋವು ಕಡಿಮೆಯಾಯಿತು. ಐದನೇ ವಾರ 3 ಕಿ.ಮೀ. ನಿಲ್ಲದೆ ಓಡಿದರು. ಆರನೇ ವಾರ ಫೋನ್ ಬಂತು, ದನಿಯೇ ಇಳಿದುಹೋಗಿತ್ತು. ಕೊಪ್ಪದ ಕಡೆ ನೆಂಟರ ಮದುವೆ. ಹಿಂದಿನ ದಿನ ಕೂತು ರಂಗೋಲಿ, ತರಕಾರಿ ಹೆಚ್ಚುವುದು. ಮದುವೆ ದಿನ ಎರಡು ಪಂಕ್ತಿಗೆ ಬಗ್ಗಿ ಬಡಿಸಿದ್ದಾರೆ. ಮಾರನೇ ಬೆಳಿಗ್ಗೆ ನೋವು ಹತ್ತಕ್ಕೆ ಆರು. “ಮೊದಲಿಂದ ಶುರು ಮಾಡ್ಬೇಕಾ ಸರ್?”

ಬೇಡ ಅಂದೆ. ಊತ ಇಲ್ಲ, ಕಾಲೂರಿ ನಡೆಯಲು ಆಗುತ್ತಿದೆ. ಎರಡು ದಿನ ಓಟ ಬೇಡ, ಸೊಂಟದ ವ್ಯಾಯಾಮ ನಡೆಯಲಿ. ಮೂರನೇ ದಿನ ಅರ್ಧ ದೂರ. ಐದು ದಿನದಲ್ಲಿ ಹಳೆಯ ಮಟ್ಟಕ್ಕೆ ಬಂದರು. ಇಂಥ ಏರಿಳಿತ ಬಂದೇ ಬರುತ್ತದೆ ಅಂತ ನಾನು ಶುರುವಿನಲ್ಲೇ ಹೇಳಿಟ್ಟಿರುತ್ತೇನೆ. ಹೇಳದೇ ಇದ್ದರೆ ಇಂಥ ದಿನವೇ ಜನ ಬಿಟ್ಟುಹೋಗುವುದು. ಹೋಗಿ ಇನ್ನೊಂದು ಎಂಆರ್‌ಐ ಮಾಡಿಸುತ್ತಾರೆ.

ಎಲ್ಲ ನೋವನ್ನೂ ಹೀಗೆ ಫೋನಿನಲ್ಲಿ ಸಮಾಧಾನ ಮಾಡುವಂತಿಲ್ಲ. ಬಿದ್ದು ಅಥವಾ ತಿರುಚಿ ಕೆಲವೇ ಗಂಟೆಯಲ್ಲಿ ಮಂಡಿ ಊದಿದರೆ, ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, 90 ಡಿಗ್ರಿವರೆಗೆ ಮಡಚಲಾಗದಿದ್ದರೆ, ಮಂಡಿ ಸಿಕ್ಕಿಕೊಂಡರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾಗಿದ್ದರೆ ಬೆಳಗಾಗುವವರೆಗೂ ಕಾಯಬಾರದು.

ಹನ್ನೆರಡನೇ ವಾರ ಮತ್ತು ಆಮೇಲೆ

ಏಪ್ರಿಲ್ ಕೊನೆಗೆ ಕುಜಾಲ ಅಂಕ 88. ಬಲಗಾಲಲ್ಲಿ ಸೊಂಟ ಎತ್ತುವುದು 18 ಸಲ. ಕುಕ್ಕುರುಗಾಲಲ್ಲಿ ಕೂತಾಗ ನೋವು ಒಂದು. ವಾರಕ್ಕೆ 20 ಕಿ.ಮೀ. ಓಡುತ್ತಿದ್ದರು, ಅದರಲ್ಲಿ ಒಂದು ಓಟ 8 ಕಿ.ಮೀ. ಇಳಿಜಾರನ್ನು ಹತ್ತನೇ ವಾರದಲ್ಲಿ ಶುರು ಮಾಡಿದ್ದೆವು: ಮೊದಲು ನಡೆದು ಇಳಿಯುವುದು, ಆಮೇಲೆ ಗಾಜನೂರು ಕಡೆಯ ಸಣ್ಣ ಏರುತಗ್ಗುಗಳಲ್ಲಿ ಪುಟ್ಟ ಹೆಜ್ಜೆಯ ಓಟ.

ಪೂರ್ತಿ ವಾಸಿಯಾಯಿತಾ? ಇಲ್ಲ. ಉದ್ದನೆಯ ಬಸ್ ಪ್ರಯಾಣದಲ್ಲಿ ಈಗಲೂ ಒಮ್ಮೊಮ್ಮೆ ಮಂಡಿ ಹಿಡಿದ ಹಾಗಾಗುತ್ತದೆ. ಈ ನೋವು ತಾನಾಗೇ ಹೋಗುತ್ತದೆ ಅಂತ ವೈದ್ಯರು ಮೊದಲು ನಂಬಿದ್ದರು. ಆದರೆ 2016ರ ಒಂದು ಅಧ್ಯಯನದಲ್ಲಿ 5ರಿಂದ 8 ವರ್ಷದ ನಂತರವೂ 57% ಜನರಿಗೆ ತೃಪ್ತಿಕರವಾಗಿ ಗುಣವಾಗಿರಲಿಲ್ಲ. ನೋವು ಹಳತಾದಷ್ಟೂ ಗುಣವಾಗುವುದು ಕಷ್ಟ ಅಂತಲೂ ಅದರಲ್ಲಿ ಕಂಡುಬಂತು. ಟೀಚರ್ ಮೂರು ತಿಂಗಳಿಗೇ ಬಂದದ್ದು ಒಳ್ಳೆಯದಾಯಿತು.

ಆ ವರ್ಷ ಹಾಫ್ ಮ್ಯಾರಥಾನ್ ಬಿಟ್ಟು 10 ಕಿ.ಮೀ. ಓಡಿದರು. ಅದು ಅವರದೇ ತೀರ್ಮಾನ. ಮಳೆಗಾಲದಲ್ಲಿ ಈಗ ಓಟ ಕಡಿಮೆಯಾದರೂ ಅಕ್ಕಿ ಬ್ಯಾಗಿನ ವ್ಯಾಯಾಮ ವಾರಕ್ಕೆ ಎರಡು ದಿನ ನಡೆಯುತ್ತದೆ, ಮಳೆ ನಿಂತಾಗ ಕಾಲು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಎಕ್ಸೆಲ್ ಶೀಟಿನಲ್ಲಿ ಕೊಯ್ಲಿನ ವಾರಗಳಿಗೆ ಮೊದಲೇ ಹಳದಿ ಬಣ್ಣ ಹಾಕಿಟ್ಟಿದ್ದಾರೆ. ಆ ವಾರಗಳಲ್ಲಿ ಉದ್ದ ಓಟ ಇಲ್ಲ. ಕುಂದಾದ್ರಿಗೆ ಓಡಿಕೊಂಡು ಹತ್ತುತ್ತಾರೆ. ಇಳಿಯುವುದಕ್ಕೆ ಗಂಡ ಕಾರು ತರುತ್ತಾರೆ.